ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕುವವರಿಗೆ: ಕೊಡಗಿನ ರಸ್ತೆಯಲ್ಲಿ ಪೆಟ್ರೋಲ್ ಉಳಿಸುವ ದಾರಿ

ಮಡಿಕೇರಿಯಿಂದ ಮಂಗಳೂರು ಕಡೆ ಹೊರಟರೆ ಮದೆನಾಡು ದಾಟುತ್ತಿದ್ದಂತೆ ಗೇರ್ ತೆಗೆದು ನ್ಯೂಟ್ರಲ್‌ಗೆ ಹಾಕಿ, ಸಾಧ್ಯವಾದಷ್ಟು ದೂರ ಸುಮ್ನೆ ಉರುಳಿಸಿಕೊಂಡು ಹೋಗುವುದು ನನಗೆ ಎಷ್ಟೋ ವರ್ಷದ ಅಭ್ಯಾಸವಾಗಿತ್ತು. ಪುಕ್ಕಟೆ ಸಿಗುವ ಕಿಲೋಮೀಟರನ್ನು ಯಾರಾದರೂ ಬಿಡುತ್ತಾರಾ? ನನಗೆ ಕಾರು ಕಲಿಸಿದ ಮಾವ ಹಾಗೇ ಓಡಿಸುತ್ತಿದ್ದರು. ಅವರಿಗೆ ಜೀಪು ಕಲಿಸಿದವರೂ ಹಾಗೇ ಓಡಿಸುತ್ತಿದ್ದಿರಬೇಕು.

ಒಂದು ಮಧ್ಯಾಹ್ನ ಕಾರಿನಲ್ಲಿ ಐದು ಜನ, ಡಿಕ್ಕಿ ತುಂಬಾ ಮದುವೆ ಮನೆಯ ಸಾಮಾನು. ಜೋಡುಪಾಲದ ಹತ್ತಿರ ಬ್ರೇಕ್ ಒತ್ತಿದೆ. ಪೆಡಲ್ ಕೆಸರಿಗೆ ಕಾಲಿಟ್ಟ ಹಾಗೆ ಮೆತ್ತಗೆ ಒಳಗೆ ಹೋಯಿತು, ಕಾರು ಮಾತ್ರ ನಿಲ್ಲಲಿಲ್ಲ. ಹೇಗೋ ಮೂರನೇ ಗೇರ್, ಆಮೇಲೆ ಎರಡನೇ ಗೇರ್ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಬರೆಯ ಬದಿಗೆ ತಂದು ನಿಲ್ಲಿಸಿದೆ. ಚಕ್ರದಿಂದ ಸುಟ್ಟ ವಾಸನೆ ಬರುತ್ತಿತ್ತು. ಹಿಂದೆ ಬಂದ ಪಿಕಪ್‌ನವನು ಇಳಿದು, ಒಂದು ಸಲ ಚಕ್ರ ನೋಡಿ, ಒಂದು ಸಲ ನನ್ನ ಮುಖ ನೋಡಿ, "ನ್ಯೂಟ್ರಲ್ಲಾ ಅಣ್ಣ?" ಅಂದ. ಎಣ್ಣೆ ಉಳಿಯುತ್ತಲ್ಲ ಅಂತ ಗೊಣಗಿದೆ. "ಗೇರಲ್ಲಿ ಇಳಿಸಿದ್ರೆ ಎಣ್ಣೆನೇ ಹೋಗಲ್ಲ ಅಣ್ಣ. ನ್ಯೂಟ್ರಲ್ಲಲ್ಲೇ ಹೋಗೋದು" ಅಂದು ಗಾಡಿ ಹತ್ತಿ ಹೊರಟುಹೋದ.

ಆವತ್ತು ನಂಬಲಿಲ್ಲ. ಆಮೇಲೆ ಪರೀಕ್ಷೆ ಮಾಡಿ ನೋಡಿದರೆ ಅವನು ಹೇಳಿದ್ದೇ ಸರಿ. ಅಲ್ಲಿಂದ ಮುಂದೆ ಗಾಡಿ ಓಡಿಸುವ ಕ್ರಮವನ್ನೇ ಒಂದೊಂದಾಗಿ ಬದಲಾಯಿಸಿಕೊಂಡೆ. ಮೈಲೇಜ್ ಬಗ್ಗೆ ಸಿಗುವ ಸಲಹೆಗಳು ಹೆಚ್ಚಾಗಿ ಬೆಂಗಳೂರಿನ ಸಿಗ್ನಲ್ಲಿಗೋ ಹೈವೇಗೋ ಬರೆದದ್ದು. ನಮ್ಮಲ್ಲಿ ರೈಲು ಇಲ್ಲ, ನೇರ ರಸ್ತೆ ಅಪರೂಪ, ಹಾಲು ತರಲೂ ಒಂದು ಏರು ಹತ್ತಬೇಕು. ಹಾಗಾಗಿ ನಮ್ಮ ಲೆಕ್ಕ ಬೇರೆ.

ಮೊದಲು ಅಳೆಯಿರಿ

ಗಾಡಿ ಈಗ ಎಷ್ಟು ಕೊಡುತ್ತಿದೆ ಅಂತ ಗೊತ್ತಿಲ್ಲದೆ ಉಳಿತಾಯದ ಮಾತು ಬೇಡ. ಬಂಕಿನಲ್ಲಿ ಟ್ಯಾಂಕ್ ತುಂಬಿಸಿ. ಪಂಪಿನ ನಳಿಕೆ ತಾನಾಗಿ ಟಕ್ ಅಂತ ನಿಂತ ಮೇಲೆ ಮತ್ತೆ ಹಾಕಿಸಬೇಡಿ. ಮೀಟರಿನ ಕಿಲೋಮೀಟರ್ ಬರೆದಿಟ್ಟುಕೊಳ್ಳಿ. ಮುನ್ನೂರು ನಾಲ್ಕುನೂರು ಕಿಲೋಮೀಟರ್ ಓಡಿಸಿದ ಮೇಲೆ ಅದೇ ಬಂಕಿಗೆ ಹೋಗಿ, ಗಾಡಿಯನ್ನು ಅದೇ ದಿಕ್ಕಿಗೆ ನಿಲ್ಲಿಸಿ, ಮತ್ತೆ ಪಂಪ್ ನಿಲ್ಲುವವರೆಗೆ ಹಾಕಿಸಿ. ಓಡಿದ ಕಿಲೋಮೀಟರನ್ನು ಈ ಸಲ ಹಿಡಿದ ಲೀಟರಿನಿಂದ ಭಾಗಿಸಿದರೆ ಮೈಲೇಜ್ ಸಿಗುತ್ತದೆ. ದಿಕ್ಕು ಯಾಕೆ ಅಂದರೆ, ನಮ್ಮ ಕಡೆ ಎಷ್ಟೋ ಬಂಕಿನ ನೆಲವೇ ಓರೆ. ಗಾಡಿ ಆ ಕಡೆ ಈ ಕಡೆ ವಾಲಿದರೆ ಟ್ಯಾಂಕಿಗೆ ಹಿಡಿಯುವುದರಲ್ಲೂ ವ್ಯತ್ಯಾಸ ಬರುತ್ತದೆ.

ಇನ್ನೊಂದು ಮಾತು. ಒಂದೇ ಕಡೆಯ ಪ್ರಯಾಣ ನೋಡಿ ಮೈಲೇಜ್ ಹೇಳಬೇಡಿ. ಮಡಿಕೇರಿಯಿಂದ ಕುಶಾಲನಗರಕ್ಕೆ ಇಳಿದು "ನನ್ನ ಕಾರು ಇಪ್ಪತ್ತೈದು ಕೊಡುತ್ತೆ" ಅನ್ನುವವರು ವಾಪಸ್ ಬರುವಾಗ ಡಿಸ್‌ಪ್ಲೇ ನೋಡುವುದೇ ಇಲ್ಲ. ಹೋಗಿ ಬಂದದ್ದನ್ನು ಸೇರಿಸಿಯೇ ಲೆಕ್ಕ ಹಾಕಬೇಕು.

ಏರು ಎಷ್ಟು ಕುಡಿಯುತ್ತದೆ?

ಇದನ್ನು ಕಾಗದದ ಮೇಲೆ ಹಾಕಿ ನೋಡಿದಾಗ ನನಗೇ ಆಶ್ಚರ್ಯವಾಯಿತು. ಸಾವಿರ ಕೆಜಿ ತೂಗುವ ಕಾರು ಸಾವಿರ ಮೀಟರ್ ಎತ್ತರ ಹತ್ತಬೇಕಾದರೆ, ಸಮತಟ್ಟು ರಸ್ತೆಗೆ ಬೇಕಾದ ಪೆಟ್ರೋಲ್ ಅಲ್ಲದೆ, ಬರೀ ಆ ಎತ್ತರಕ್ಕೇ ಒಂದು ಲೀಟರಿಗಿಂತ ತುಸು ಜಾಸ್ತಿ ಬೇಕು. ಪೆಟ್ರೋಲಿನಲ್ಲಿರುವ ಶಕ್ತಿಯಲ್ಲಿ ಮುಕ್ಕಾಲು ಪಾಲು ಎಂಜಿನ್ ಬಿಸಿಯಾಗಿ ಹೊಗೆಯಾಗಿ ಹೋಗುತ್ತದೆ, ಕಾಲು ಪಾಲೋ ಅದಕ್ಕಿಂತ ಸ್ವಲ್ಪ ಹೆಚ್ಚೋ ಚಕ್ರಕ್ಕೆ ಬರುತ್ತದೆ. ಅದನ್ನು ಸೇರಿಸಿಯೇ ಈ ಲೆಕ್ಕ. ಕುಶಾಲನಗರಕ್ಕಿಂತ ಮಡಿಕೇರಿ ಸುಮಾರು 300 ಮೀಟರ್ ಎತ್ತರದಲ್ಲಿದೆ. ಅಂದರೆ ಪ್ರತಿ ಸಲ ಮೇಲೆ ಬರುವಾಗ ಎತ್ತರಕ್ಕೇ ಅಂತ ಮೂರನೇ ಒಂದು ಲೀಟರ್ ಕೊಡುತ್ತೇವೆ.

ಇದನ್ನು ಯಾರೂ ಉಳಿಸಲು ಆಗುವುದಿಲ್ಲ. ಎಷ್ಟು ನಾಜೂಕಾಗಿ ಓಡಿಸಿದರೂ ಗುಡ್ಡದ ಬಾಡಿಗೆ ಗುಡ್ಡಕ್ಕೆ ಕಟ್ಟಲೇಬೇಕು. ಉಳಿತಾಯ ಇರುವುದು ಎರಡೇ ಕಡೆ. ಹತ್ತುವಾಗ ಅದಕ್ಕಿಂತ ಜಾಸ್ತಿ ಸುಡದಿರುವುದು, ಮತ್ತು ಕೊಟ್ಟ ಬಾಡಿಗೆಯನ್ನು ಇಳಿಯುವಾಗ ಆದಷ್ಟು ವಾಪಸ್ ವಸೂಲಿ ಮಾಡುವುದು.

ಡಿಕ್ಕಿಯ ಭಾರದ ಬಗ್ಗೆಯೂ ಇದೇ ಲೆಕ್ಕದಿಂದ ಉತ್ತರ ಸಿಗುತ್ತದೆ. ಐವತ್ತು ಕೆಜಿಯ ಒಂದು ಮೂಟೆ ಸಾವಿರ ಮೀಟರ್ ಹತ್ತಲು ಕುಡಿಯುವುದು ಐವತ್ತರಿಂದ ಅರವತ್ತು ಮಿಲಿಲೀಟರ್. ಜನ ಹೆದರಿಸುವಷ್ಟೇನೂ ಅಲ್ಲ. ಆದರೆ ಕಳೆದ ಸಲ ತಂದ ಗೊಬ್ಬರದ ಚೀಲವನ್ನು ಇಳಿಸದೆ ತಿಂಗಳುಗಟ್ಟಲೆ ಮೇಲೆ ಕೆಳಗೆ ಸುತ್ತಿಸಿದರೆ ಅದೂ ಸೇರುತ್ತಾ ಹೋಗುತ್ತದೆ. ಛಾವಣಿ ಮೇಲಿನ ಕ್ಯಾರಿಯರಿನ ತೊಂದರೆ ಭಾರಕ್ಕಿಂತ ಹೆಚ್ಚಾಗಿ ಅದು ಗಾಳಿಗೆ ಅಡ್ಡ ನಿಲ್ಲುವುದು. ಬೇಡದಾಗ ಬಿಚ್ಚಿಡಿ.

ಹತ್ತುವಾಗ

"ಟಾಪ್ ಗೇರಲ್ಲಿ ಹೋದಷ್ಟೂ ಎಣ್ಣೆ ಉಳಿಯುತ್ತದೆ" ಅನ್ನುವುದು ಸಮತಟ್ಟಿನ ಮಾತು. ಏರಿನಲ್ಲಿ ನಾಲ್ಕನೇ ಗೇರ್ ಹಿಡಿದುಕೊಂಡು ಎಂಜಿನ್ ಗುಡುಗುಡು ಅಂತ ನಡುಗುತ್ತಾ, ಆಕ್ಸಿಲರೇಟರ್ ಪೂರ್ತಿ ನೆಲಕ್ಕೆ ಒತ್ತಿಕೊಂಡು ಹೋಗುತ್ತಿದ್ದರೆ ಏನೂ ಉಳಿಯುತ್ತಿಲ್ಲ, ಎಂಜಿನ್ನಿಗೆ ಪೆಟ್ಟು ಬೇರೆ. ಗಾಡಿ ನಡುಗುವ ಮೊದಲೇ ಒಂದು ಗೇರ್ ಇಳಿಸಿ. ಪೆಟ್ರೋಲ್ ಕಾರಾದರೆ ಎರಡು ಸಾವಿರದಿಂದ ಎರಡೂವರೆ ಸಾವಿರ ಆರ್‌ಪಿಎಂ, ಡೀಸೆಲ್ ಆದರೆ ಒಂದೂವರೆಯಿಂದ ಎರಡು ಸಾವಿರ. ಈ ನಡುವೆ ಎಂಜಿನ್ ಆರಾಮಾಗಿ ಎಳೆಯುತ್ತದೆ. ಕಿವಿ ಕೊಟ್ಟರೆ ಮೀಟರ್ ನೋಡುವುದೇ ಬೇಕಿಲ್ಲ.

ತಿರುವಿಗೆ ಮೊದಲೇ ಗೇರ್ ಇಳಿಸುವುದು ಮುಖ್ಯ. ಹೇರ್‌ಪಿನ್ ತಿರುವಿನ ಮಧ್ಯದಲ್ಲಿ ಗಾಡಿ ಸತ್ತುಬಿದ್ದು, ಆಮೇಲೆ ಕ್ಲಚ್ ಒತ್ತಿ, ಫಸ್ಟ್ ಗೇರ್ ಹಾಕಿ, ರೇಸ್ ಕೊಟ್ಟು ಎಬ್ಬಿಸುವುದಿದೆಯಲ್ಲ, ಅಲ್ಲಿ ಹೋಗುವ ಪೆಟ್ರೋಲ್ ಸುಮ್ನೆ ದಂಡ. ತಿರುವಿನೊಳಗೆ ಹೋಗುವ ಮುಂಚೆ ಎರಡನೇ ಗೇರಿನಲ್ಲಿದ್ದು, ವೇಗ ಪೂರ್ತಿ ಕಳೆದುಕೊಳ್ಳದೆ ಹೊರಗೆ ಬಂದರೆ ಅಷ್ಟೂ ಉಳಿಯಿತು.

ಏರಿನಲ್ಲಿ ಗಾಡಿ ನಿಲ್ಲಿಸಬೇಕಾದರೆ ಹ್ಯಾಂಡ್‌ಬ್ರೇಕ್ ಹಾಕಿ. ಹಾಫ್ ಕ್ಲಚ್‌ನಲ್ಲಿ ಗಾಡಿಯನ್ನು ತೂಗಿಸಿಕೊಂಡು ನಿಲ್ಲುವುದು ಕೆಲವರಿಗೆ ಕೈಚಳಕ. ಪೆಟ್ರೋಲೂ ಹೋಗುತ್ತದೆ, ಕ್ಲಚ್ ಪ್ಲೇಟೂ ಹೋಗುತ್ತದೆ. ಪ್ಲೇಟ್ ಹಾಕಿಸುವ ಖರ್ಚಿನ ಮುಂದೆ ಪೆಟ್ರೋಲಿನ ಉಳಿತಾಯ ಏನೇನೂ ಅಲ್ಲ.

ಘಾಟಿ ರಸ್ತೆಯಲ್ಲಿ ಹತ್ತುವ ಗಾಡಿಗೆ ಮೊದಲು ದಾರಿ ಬಿಡಬೇಕು ಅನ್ನುವುದು ರಸ್ತೆ ನಿಯಮ. ಇದು ಬರೀ ಮರ್ಯಾದೆಯ ಪ್ರಶ್ನೆಯಲ್ಲ. ಇಳಿಯುವವನು ನಿಂತರೆ ಬ್ರೇಕ್ ಬಿಟ್ಟರೆ ಸಾಕು, ಮತ್ತೆ ಹೊರಡಬಹುದು. ತುಂಬಿದ ಕಾಫಿ ಲಾರಿ ಏರಿನಲ್ಲಿ ನಿಂತರೆ ಅದನ್ನು ಮತ್ತೆ ಎಬ್ಬಿಸಲು ಎಷ್ಟು ಡೀಸೆಲ್ ಬೇಕು ಅಂತ ಡ್ರೈವರನ್ನೇ ಕೇಳಿ.

ಇಳಿಯುವಾಗ: ಉಳಿತಾಯ ಇರುವುದೇ ಇಲ್ಲಿ

ಈಗಿನ ಕಾರು, ಬೈಕುಗಳು ಬಹುತೇಕ ಫ್ಯುಯೆಲ್ ಇಂಜೆಕ್ಷನ್, ಅಂದರೆ ಎಂಜಿನ್ನಿಗೆ ಎಷ್ಟು ಇಂಧನ ಅಂತ ಕಂಪ್ಯೂಟರ್ ಲೆಕ್ಕ ಹಾಕಿ ಇಂಜೆಕ್ಟರ್ ಎಂಬ ನಳಿಕೆಯಿಂದ ಚಿಮ್ಮಿಸುತ್ತದೆ. ಗಾಡಿ ಗೇರಿನಲ್ಲಿದ್ದು, ನೀವು ಆಕ್ಸಿಲರೇಟರಿನಿಂದ ಕಾಲು ಪೂರ್ತಿ ತೆಗೆದರೆ, ಚಕ್ರವೇ ಎಂಜಿನ್ನನ್ನು ತಿರುಗಿಸುತ್ತಿರುತ್ತದೆ. ಎಂಜಿನ್ ತಿರುಗಲು ಇಂಧನವೇ ಬೇಕಿಲ್ಲ ಅಂತ ಗಾಡಿಯ ಕಂಪ್ಯೂಟರಿಗೆ ಗೊತ್ತಾಗಿ ಅದು ಇಂಜೆಕ್ಟರನ್ನು ಮುಚ್ಚಿಬಿಡುತ್ತದೆ. ಒಂದು ಹನಿಯೂ ಹೋಗುವುದಿಲ್ಲ. ನ್ಯೂಟ್ರಲ್‌ಗೆ ಹಾಕಿದಿರೋ, ಚಕ್ರಕ್ಕೂ ಎಂಜಿನ್ನಿಗೂ ಸಂಬಂಧ ಕಡಿದುಹೋಯಿತು. ಈಗ ಎಂಜಿನ್ ಆಫ್ ಆಗದಂತೆ ಇರಬೇಕಾದರೆ ತನ್ನ ಪಾಡಿಗೆ ತಾನು ಪೆಟ್ರೋಲ್ ಕುಡಿಯಲೇಬೇಕು. ಪಿಕಪ್‌ನವನು ಹೇಳಿದ್ದು ಇದನ್ನೇ.

ನಂಬಿಕೆ ಬರದಿದ್ದರೆ ಡ್ಯಾಶ್‌ಬೋರ್ಡಿನಲ್ಲಿ ಆ ಕ್ಷಣದ ಮೈಲೇಜ್ ತೋರಿಸುವ ಡಿಸ್‌ಪ್ಲೇ ಇದ್ದರೆ ನೋಡಿ. ನೀವು ನೋಡಬೇಡಿ, ಪಕ್ಕದಲ್ಲಿ ಕೂತವರಿಗೆ ಹೇಳಿ. ಗೇರಿನಲ್ಲಿ ಕಾಲು ತೆಗೆದು ಇಳಿಯುವಾಗ ಆ ಪಟ್ಟಿ ಕೊನೆಯವರೆಗೆ ಹೋಗಿ ನಿಲ್ಲುತ್ತದೆ.

ಯಾವ ಗೇರ್? ಹಳೇ ಡ್ರೈವರುಗಳ ಲೆಕ್ಕ ಈಗಲೂ ಸರಿ: ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಸಂಪಾಜೆ ಘಾಟಿಯ ಕಡಿದಾದ ಕಡೆ ಮೂರು ಅಥವಾ ಎರಡು. ವಿರಾಜಪೇಟೆ ದಾಟಿ ಮಾಕುಟ್ಟ ಇಳಿಯುವವರಿಗೂ ಇದೇ. ಸುಂಟಿಕೊಪ್ಪದ ಕಡೆಯ ಸಣ್ಣ ಇಳಿಜಾರಿಗೆ ನಾಲ್ಕೋ ಐದೋ ಸಾಕು. ಸಣ್ಣ ಇಳಿಜಾರಿನಲ್ಲಿ ಎರಡನೇ ಗೇರ್ ಹಾಕಿದರೆ ಗಾಡಿ ನಿಧಾನವಾಗಿ ಮತ್ತೆ ಆಕ್ಸಿಲರೇಟರ್ ಒತ್ತಬೇಕಾಗುತ್ತದೆ, ಆಗ ಉಳಿದದ್ದೆಲ್ಲ ಹೋಯಿತು. ಬ್ರೇಕೂ ಬೇಡ, ಆಕ್ಸಿಲರೇಟರೂ ಬೇಡ, ಗಾಡಿ ತಾನಾಗಿ ಒಂದೇ ವೇಗದಲ್ಲಿ ಇಳಿಯಬೇಕು. ಆ ಗೇರೇ ಸರಿಯಾದ ಗೇರ್. ನಾಲ್ಕು ದಿನ ಅದೇ ರಸ್ತೆಯಲ್ಲಿ ಓಡಾಡಿದರೆ ಯಾವ ತಿರುವಿಗೆ ಯಾವುದು ಅಂತ ಕೈಗೇ ಗೊತ್ತಾಗುತ್ತದೆ.

ಆಟೊಮ್ಯಾಟಿಕ್ ಕಾರು ಇರುವವರು ಡಿ ಯಲ್ಲೇ ಬಿಟ್ಟು ಬ್ರೇಕ್ ಮೇಲೆ ಕಾಲಿಟ್ಟು ಕೂರಬೇಡಿ. ಮ್ಯಾನುವಲ್ ಮೋಡ್ ಇದ್ದರೆ ಗೇರ್ ಇಳಿಸಿ, ಇಲ್ಲದಿದ್ದರೆ ಎಲ್ ಅಥವಾ ಎಸ್ ಅಂತ ಏನಿದೆಯೋ ಅದಕ್ಕೆ ಹಾಕಿ. ವಾರದ ಕೊನೆಗೆ ಬರುವ ಪ್ರವಾಸಿಗರ ಕಾರುಗಳ ಹಿಂದೆ ಹೋದರೆ ಇಳಿಜಾರು ಪೂರ್ತಿ ಹಿಂದಿನ ಕೆಂಪು ದೀಪ ಆರುವುದೇ ಇಲ್ಲ. ಅವರು ಹತ್ತುವಾಗ ಕೊಟ್ಟ ಪೆಟ್ರೋಲೆಲ್ಲ ಬ್ರೇಕ್ ಪ್ಯಾಡಿನ ಬಿಸಿಯಾಗಿ ಹೋಗುತ್ತಿದೆ ಅಂತ ಅರ್ಥ.

ಹಳೇ ಜೀಪಿನವರು "ನಮ್ಮದರಲ್ಲಿ ಕಂಪ್ಯೂಟರ್ ಎಲ್ಲಿದೆ" ಅಂತ ಕೇಳಬಹುದು. ಹಳೇ ಡೀಸೆಲ್ ಪಂಪಿನಲ್ಲೂ ಕಾಲು ತೆಗೆದು ಗೇರಿನಲ್ಲಿ ಇಳಿಯುವಾಗ ಡೀಸೆಲ್ ಬಹುಮಟ್ಟಿಗೆ ಬಂದ್ ಆಗುತ್ತದೆ. ಕಾರ್ಬ್ಯುರೇಟರ್ ಇರುವ ಹಳೇ ಪೆಟ್ರೋಲ್ ಗಾಡಿಗಳಿಗೆ ಮಾತ್ರ ಈ ಲಾಭ ಪೂರ್ತಿ ಇಲ್ಲ, ಒಪ್ಪುತ್ತೇನೆ. ಅಲ್ಲಿ ನ್ಯೂಟ್ರಲ್‌ನಿಂದ ಸ್ವಲ್ಪ ಉಳಿಯಲೂಬಹುದು. ಹಾಗಂತ ಹಳೇ ಗಾಡಿಯ ಹಳೇ ಬ್ರೇಕನ್ನು ನಂಬಿ ಘಾಟಿ ಇಳಿಯುತ್ತೀರಾ?

ಎಂಜಿನ್ನನ್ನೇ ಆಫ್ ಮಾಡಿ ಇಳಿಯುವವರೂ ಇದ್ದಾರೆ. ದಯವಿಟ್ಟು ಬೇಡ. ಬ್ರೇಕಿಗೆ ಬಲ ಕೊಡುವ ಬೂಸ್ಟರ್ ಎಂಜಿನ್ ಓಡುತ್ತಿದ್ದರೆ ಮಾತ್ರ ಕೆಲಸ ಮಾಡುತ್ತದೆ. ಆಫ್ ಮಾಡಿದ ಮೇಲೆ ಎರಡು ಮೂರು ಸಲ ಒತ್ತುವಷ್ಟರಲ್ಲಿ ಪೆಡಲ್ ಕಲ್ಲಾಗುತ್ತದೆ. ಪವರ್ ಸ್ಟೇರಿಂಗೂ ಗಟ್ಟಿ. ಕೀ ಇನ್ನೊಂದು ಚೂರು ತಿರುಗಿತೋ, ಸ್ಟೇರಿಂಗ್ ಲಾಕ್. ಸ್ಕೂಟರಿನವರಿಗೂ ಇದನ್ನೇ ಹೇಳುತ್ತೇನೆ. ಗೇರ್ ಇಲ್ಲದ ಸ್ಕೂಟರಿನಲ್ಲಿ ಎಂಜಿನ್ ಹಿಡಿತ ಮೊದಲೇ ಕಡಿಮೆ, ಇರುವಷ್ಟನ್ನೂ ಕೈಯಾರೆ ಕಳೆದುಕೊಳ್ಳಬೇಡಿ.

ಬ್ರೇಕ್ ಒತ್ತಲೇಬೇಕಾದಾಗ ಗಟ್ಟಿಯಾಗಿ ಒತ್ತಿ, ವೇಗ ಇಳಿಸಿ, ಬಿಟ್ಟುಬಿಡಿ. ಸುಮ್ನೆ ಕಾಲಿಟ್ಟುಕೊಂಡೇ ಇದ್ದರೆ ಬಿಸಿ ಏರುತ್ತಲೇ ಹೋಗುತ್ತದೆ. ನನ್ನ ಕಾರಿನಲ್ಲಿ ಆದದ್ದು ಅದೇ, ಬ್ರೇಕ್ ಆಯಿಲ್ ಕುದಿದು ಪೆಡಲ್ ಮೆತ್ತಗಾಗಿತ್ತು.

ಮುಂದೆ ನೋಡಿ ಓಡಿಸುವುದು

ತಿರುವಿನಾಚೆ ಬಸ್ ನಿಂತಿದೆ ಅಂತ ಮರಗಳ ಸಂದಿಯಲ್ಲಿ ಕಂಡರೆ ಅಲ್ಲೇ ಕಾಲು ತೆಗೆಯಿರಿ. ಬಸ್ಸಿನ ಹಿಂದೆಯವರೆಗೆ ರೇಸ್ ಮಾಡಿಕೊಂಡು ಹೋಗಿ ಬ್ರೇಕ್ ಹೊಡೆಯುವುದರಿಂದ ಊರೇನೂ ಬೇಗ ಬರುವುದಿಲ್ಲ. ಹಾಗೇ, ಏರಿನಲ್ಲಿ ಲಾರಿ ಹಿಂದೆ ಹೋಗುವಾಗ ಅದಕ್ಕೆ ಅಂಟಿಕೊಂಡು ಹೋಗಬೇಡಿ. ನಾಲ್ಕೈದು ಕಾರಿನಷ್ಟು ಜಾಗ ಬಿಟ್ಟರೆ ಅದು ನಿಧಾನವಾದಾಗ ನಿಮಗೆ ಬ್ರೇಕ್ ಬೇಕಾಗುವುದಿಲ್ಲ, ಒಂದೇ ವೇಗದಲ್ಲಿ ಹತ್ತುತ್ತಿರಬಹುದು.

ಗಾಳಿಯ ಲೆಕ್ಕ ಬರುವುದು ಕುಶಾಲನಗರ ದಾಟಿ ಪಿರಿಯಾಪಟ್ಟಣ, ಹುಣಸೂರಿನ ನೇರ ರಸ್ತೆಗೆ ಹೋದ ಮೇಲೆ. ವೇಗ ಎರಡರಷ್ಟಾದರೆ ಗಾಳಿ ತಡೆಯುವ ಬಲ ನಾಲ್ಕರಷ್ಟಾಗುತ್ತದೆ. ಪೆಟ್ರೋಲ್ ಉಳಿತಾಯದ ಪ್ರಚಾರ ಮಾಡುವ ಕೇಂದ್ರ ಸರ್ಕಾರದ ಸಂಸ್ಥೆ ಪಿಸಿಆರ್‌ಎ ಗಂಟೆಗೆ 45ರಿಂದ 55 ಕಿಲೋಮೀಟರ್ ಒಳ್ಳೆಯ ವೇಗ ಅನ್ನುತ್ತದೆ. ಹೈವೇಯಲ್ಲಿ ಅಷ್ಟು ನಿಧಾನ ಹೋಗಲು ನನಗೂ ತಾಳ್ಮೆ ಇಲ್ಲ, ಎಪ್ಪತ್ತಕ್ಕೆ ನಿಲ್ಲುತ್ತೇನೆ. ಘಾಟಿಯಲ್ಲಂತೂ ಅದಕ್ಕಿಂತ ಜಾಸ್ತಿ ಹೋಗಲು ಆಗುವುದೇ ಇಲ್ಲ, ಬಿಡಿ.

ನಿಂತ ಗಾಡಿ

ಚಳಿಗಾಲದ ಬೆಳಿಗ್ಗೆ ಮಂಜು ಬಿದ್ದಿರುವಾಗ ಕಾರು ಸ್ಟಾರ್ಟ್ ಮಾಡಿಟ್ಟು ಒಳಗೆ ಹೋಗಿ ಕಾಫಿ ಕುಡಿದು ಬರುವ ಪದ್ಧತಿ ಇದೆ. ಕಾರ್ಬ್ಯುರೇಟರ್ ಕಾಲದಲ್ಲಿ ಅದಕ್ಕೆ ಅರ್ಥವಿತ್ತು. ಈಗಿನ ಗಾಡಿಗೆ ಅರ್ಧ ನಿಮಿಷ ಸಾಕು. ಆಮೇಲೆ ಮೊದಲ ಎರಡು ಮೂರು ಕಿಲೋಮೀಟರ್ ರೇಸ್ ಮಾಡದೆ ಮೆಲ್ಲಗೆ ಹೋದರೆ ನಿಂತು ಬಿಸಿಯಾಗುವುದಕ್ಕಿಂತ ಬೇಗ ಬಿಸಿಯಾಗುತ್ತದೆ. ನಿಂತಲ್ಲೇ ಓಡುವ ಕಾರು ಗಂಟೆಗೆ ಅರ್ಧದಿಂದ ಒಂದು ಲೀಟರ್ ಕುಡಿಯುತ್ತದೆ. ದಿನಾ ಹತ್ತು ನಿಮಿಷ ಅಂದುಕೊಂಡರೂ ತಿಂಗಳಿಗೆ ಎರಡೂವರೆಯಿಂದ ಐದು ಲೀಟರ್. ಶಾಲೆ ಮುಂದೆ ಮಕ್ಕಳಿಗೆ ಕಾಯುವಾಗ, ಅಬ್ಬಿ ಫಾಲ್ಸ್ ರಸ್ತೆಯಲ್ಲಿ ರಜಾ ದಿನದ ಸಾಲಿನಲ್ಲಿ ಸಿಕ್ಕಿಹಾಕಿಕೊಂಡಾಗ, ಒಂದು ನಿಮಿಷಕ್ಕಿಂತ ಜಾಸ್ತಿ ನಿಲ್ಲಬೇಕು ಅನ್ನಿಸಿದರೆ ಆಫ್ ಮಾಡಿ.

ಒಂದು ಕಡೆ ಮಾತ್ರ ಆಫ್ ಮಾಡಬೇಡಿ. ತಿತಿಮತಿ ಕಡೆಯೋ ಆನೆಕಾಡಿನಲ್ಲೋ ಮುಂದೆ ಆನೆ ನಿಂತಿದ್ದರೆ. ಆಗ ರಿವರ್ಸ್ ಗೇರ್ ಕೈಯಲ್ಲೇ ಇರಲಿ, ಮೈಲೇಜ್ ನಾಳೆ ನೋಡಿಕೊಳ್ಳೋಣ.

ಚಳಿಗೆ ಹೀಟರ್ ಹಾಕಲು ಹೆದರುವವರಿಗೆ: ಹೀಟರಿಗೆ ಬೇರೆ ಪೆಟ್ರೋಲ್ ಬೇಕಿಲ್ಲ. ಎಂಜಿನ್ನಿನಿಂದ ಹೇಗೂ ವ್ಯರ್ಥವಾಗುವ ಬಿಸಿಯೇ ಅದು. ಎಸಿ ಹಾಗಲ್ಲ, ಎಂಜಿನ್ನೇ ಅದರ ಕಂಪ್ರೆಸರನ್ನು ತಿರುಗಿಸಬೇಕು, ಏರಿನಲ್ಲಿ ಸಣ್ಣ ಕಾರಿಗೆ ಅದು ಚೆನ್ನಾಗಿಯೇ ಗೊತ್ತಾಗುತ್ತದೆ. ನಮ್ಮ ಊರಿನಲ್ಲಿ ಎಸಿ ಬೇಕಾಗುವುದು ಹೆಚ್ಚಾಗಿ ಮಳೆಗಾಲದಲ್ಲಿ ಗಾಜಿನ ಒಳಗಿನ ಮಬ್ಬು ತೆಗೆಯಲು. ಹೊರಗಿನ ಗಾಳಿ ಒಳಗೆ ಬರುವ ಹಾಗೆ ಇಟ್ಟು, ಮಬ್ಬು ಹೋಗುವವರೆಗೆ ಹಾಕಿ, ತೆಗೆಯಿರಿ. ಗಾಜು ಕಾಣದೆ ಉಳಿಸುವ ಪೆಟ್ರೋಲ್ ಯಾರಿಗೂ ಬೇಡ.

ಟೈರು, ಲಿವರು, ಹ್ಯಾಂಡ್‌ಬ್ರೇಕ್

ಗಾಳಿ ಕಡಿಮೆಯಾದ ಟೈರು ರಸ್ತೆಗೆ ಅಂಟಿಕೊಂಡು ಎಳೆಯುತ್ತದೆ. ಎಷ್ಟು ಗಾಳಿ ಬೇಕು ಅಂತ ಡ್ರೈವರ್ ಬಾಗಿಲು ತೆರೆದರೆ ಅಲ್ಲಿ ಚೀಟಿ ಅಂಟಿಸಿರುತ್ತದೆ. ಟೈರಿನ ಪಕ್ಕದಲ್ಲಿ ಬರೆದಿರುವುದು ಗರಿಷ್ಠ ಮಿತಿ, ಅದಲ್ಲ. ಹದಿನೈದು ದಿನಕ್ಕೊಮ್ಮೆ, ಟೈರು ತಣ್ಣಗಿರುವಾಗ ನೋಡಿಸಿ. ಚಳಿ ಐದಾರು ಡಿಗ್ರಿ ಜಾಸ್ತಿಯಾದರೆ ಒಂದು ಪಿಎಸ್‌ಐ ಗಾಳಿ ತಾನಾಗಿ ಇಳಿಯುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ ಸರಿಯಾಗಿ ತುಂಬಿಸಿದ್ದು ಡಿಸೆಂಬರಿನ ಬೆಳಿಗ್ಗೆ ಕಡಿಮೆ ಇರುವುದು ಇದಕ್ಕೇ.

ತೋಟದ ಜೀಪಿನವರು ಮರೆಯುವ ಒಂದು ವಿಷಯ ಇದೆ. ಮಳೆಗಾಲದಲ್ಲಿ ಕೆಸರು ಹತ್ತಲು ಫೋರ್ ವೀಲ್ ಹಾಕಿರುತ್ತಾರೆ, ಟಾರು ರಸ್ತೆಗೆ ಬಂದ ಮೇಲೂ ಲಿವರ್ ಹಾಗೇ ಇರುತ್ತದೆ. ಸ್ಟೇರಿಂಗ್ ಬಿಗಿ, ಟೈರು ಸವೆತ, ಡೀಸೆಲ್ ಖರ್ಚು, ಎಲ್ಲ ಒಟ್ಟಿಗೆ. ಗೇಟು ದಾಟಿದ ಕೂಡಲೇ ಟೂ ವೀಲ್‌ಗೆ ತನ್ನಿ. ನಮ್ಮ ಮಾವ ಇದನ್ನು ಮರೆತು ನಾಪೋಕ್ಲುವಿನಿಂದ ಮಡಿಕೇರಿವರೆಗೆ ಬಂದು, ಜೀಪಿಗೆ ಏನೋ ಆಗಿದೆ ಅಂತ ಗ್ಯಾರೇಜಿಗೇ ಕೊಂಡೊಯ್ದಿದ್ದರು.

ಮಳೆಯಲ್ಲಿ ನಾಲ್ಕು ದಿನ ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿದ ಗಾಡಿಯಲ್ಲಿ ಬ್ರೇಕ್ ಹಿಡಿದುಕೊಂಡು ಬಿಡುವುದಿಲ್ಲ. ಗೇರಿನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸುವುದು ಒಳ್ಳೆಯದು. ಅನುಮಾನ ಇದ್ದರೆ, ಬ್ರೇಕ್ ಜಾಸ್ತಿ ಬಳಸದೆ ಸಮತಟ್ಟಿನಲ್ಲಿ ಐದಾರು ಕಿಲೋಮೀಟರ್ ಹೋಗಿ ಇಳಿದು, ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿದು ನೋಡಿ, ಮುಟ್ಟಬೇಡಿ. ಒಂದು ಮಾತ್ರ ಕಾದಿದ್ದರೆ ಅಲ್ಲೇ ಬ್ರೇಕ್ ಹಿಡಿಯುತ್ತಿದೆ.

ಹೊರಡುವ ಮೊದಲು

ತಣ್ಣಗಿನ ಎಂಜಿನ್ ಜಾಸ್ತಿ ಕುಡಿಯುತ್ತದೆ. ಬೆಳಿಗ್ಗೆ ಬ್ಯಾಂಕಿಗೆ, ಮಧ್ಯಾಹ್ನ ಔಷಧಿಗೆ, ಸಂಜೆ ತರಕಾರಿಗೆ ಅಂತ ಮೂರು ಸಲ ಗುಡ್ಡ ಹತ್ತಿಳಿಯುವ ಬದಲು ಶುಕ್ರವಾರ ಮಡಿಕೇರಿ ಸಂತೆಗೆ ಹೋಗುವಾಗಲೇ ಎಲ್ಲ ಮುಗಿಸಿ ಬಂದರೆ ಒಂದೇ ಸಲ ಬಾಡಿಗೆ. ಪಕ್ಕದ ಮನೆಯವರಿಗೂ ಏನಾದರೂ ಬೇಕಾ ಅಂತ ಕೇಳಿಕೊಂಡು ಹೋಗುವುದು ನಮ್ಮ ಹಳ್ಳಿಗಳಲ್ಲಿ ಇನ್ನೂ ಇದೆ, ಅಲ್ವಾ? 2020ರ ಏಪ್ರಿಲ್ ನಂತರದ ಬಿಎಸ್ 6 (ಹೊಗೆ ಮಾಲಿನ್ಯದ ಹೊಸ ನಿಯಮ) ಡೀಸೆಲ್ ಕಾರು ಇರುವವರಿಗೆ ಇದು ಇನ್ನೂ ಮುಖ್ಯ. ಸಣ್ಣ ಸಣ್ಣ ಓಡಾಟವೇ ಆದರೆ ಹೊಗೆ ಕೊಳವೆಯ ಫಿಲ್ಟರಿನಲ್ಲಿ ಮಸಿ ಕಟ್ಟುತ್ತದೆ, ಅದನ್ನು ಸುಡಲು ಗಾಡಿ ಮತ್ತಷ್ಟು ಡೀಸೆಲ್ ಖರ್ಚು ಮಾಡುತ್ತದೆ.

ಇಷ್ಟೆಲ್ಲ ಮಾಡಿ ಇನ್ನೊಂದು ಸಲ ಟ್ಯಾಂಕ್ ತುಂಬಿಸಿ ಅಳೆಯಿರಿ. ಒಂದೆರಡು ಟ್ಯಾಂಕ್ ಆದ ಮೇಲೂ ಲೆಕ್ಕ ಅಲ್ಲಾಡದಿದ್ದರೆ ತಪ್ಪು ನಿಮ್ಮ ಕಾಲಿನಲ್ಲಿಲ್ಲ. ಪ್ಲಗ್, ಇಂಜೆಕ್ಟರ್, ಥರ್ಮೋಸ್ಟಾಟ್, ಚಕ್ರದ ಅಲೈನ್‌ಮೆಂಟ್ ಇವುಗಳಲ್ಲಿ ಎಲ್ಲೋ ಇದೆ. ಕಿಲೋಮೀಟರ್ ಬರೆದಿಟ್ಟ ಆ ಪುಸ್ತಕವನ್ನು ಮೆಕ್ಯಾನಿಕ್ ಕೈಗೆ ಕೊಡಿ. "ಮೈಲೇಜ್ ಬರ್ತಿಲ್ಲ" ಅಂತ ಬಾಯಲ್ಲಿ ಹೇಳಿದರೆ ಅವರು ಏರ್ ಫಿಲ್ಟರ್ ಬದಲಾಯಿಸಿ ಕಳಿಸುತ್ತಾರೆ.